ಗದ್ದಲ ಎಂದು ಬರೆದವಳು

ಆ ಊರಿನ ನಗರಸಭೆಗೆ ಮೂವತ್ತನಾಲ್ಕು ವರ್ಷಗಳಲ್ಲಿ ಹನ್ನೆರಡು ಜನ ಅಧ್ಯಕ್ಷರು ಬಂದು ಹೋದರು. ಅವರ ಕುರ್ಚಿಯ ಮುಂದಿದ್ದ ಪುಟ್ಟ ಮೇಜಿನಲ್ಲಿ ಮಾತ್ರ ಅಷ್ಟೂ ವರ್ಷ ಒಬ್ಬಳೇ ಕೂತಿದ್ದಳು. ಅವಳ ಹುದ್ದೆಯ ಹೆಸರು ಶೀಘ್ರಲಿಪಿಗಾರ್ತಿ. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಗೇಟಿನ ಕಾವಲುಗಾರನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅವಳು ಸ್ಟೆನೋ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರು ಕೂಡ ಅಕ್ಕ ಎನ್ನುತ್ತಿದ್ದರು. ಅವಳು ಬೇಡ ಎನ್ನಲಿಲ್ಲ.

ಸಭೆಯಿದ್ದ ದಿನ ಅವಳು ಆರು ಪೆನ್ಸಿಲುಗಳನ್ನು ಎರಡೂ ತುದಿಗೆ ಚೂಪು ಮಾಡಿ ಸಾಲಾಗಿ ಇಟ್ಟುಕೊಳ್ಳುತ್ತಿದ್ದಳು. ಗೆರೆ, ಕೊಕ್ಕೆ, ಚುಕ್ಕಿ. ತೆಳುವಾಗಿ ಎಳೆದರೆ ಒಂದು ಅಕ್ಷರ, ಒತ್ತಿ ಎಳೆದರೆ ಇನ್ನೊಂದು. ಎದುರಿಗೆ ಇಪ್ಪತ್ತನಾಲ್ಕು ಸದಸ್ಯರು ಒಟ್ಟಿಗೆ ಬಾಯಿ ಬಿಟ್ಟರೂ ಯಾರ ಮಾತು ಯಾರದೆಂದು ತಲೆಯೆತ್ತದೆ ಹೇಳಬಲ್ಲಳು. "ಅಕ್ಕನ ಕಿವಿಗೆ ಬಿದ್ದದ್ದು ಎಲ್ಲೂ ಹೋಗೋದಿಲ್ಲ" ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿದಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಮನೆಯಲ್ಲಿ ಗಂಡ ಮಾತ್ರ, "ಊರೋರೆಲ್ಲ ಹೇಳಿದ್ದು ಬರ್ಕೋತೀಯ, ನಾನು ತರೋಕೆ ಹೇಳಿದ ಬಲ್ಬು ಮಾತ್ರ ಮರ್ತು ಬರ್ತೀಯ" ಎಂದು ಕಾಲೆಳೆಯುತ್ತಿದ್ದ.

ಸಭೆಯಲ್ಲೊಂದು ಪದ್ಧತಿಯಿತ್ತು. ಎಲ್ಲರ ಮೈಕುಗಳ ಗುಂಡಿ ಅಧ್ಯಕ್ಷರ ಕೈಯಲ್ಲಿ. ಅವರು ಗಂಟೆ ಬಾರಿಸಿ ಗುಂಡಿ ಒತ್ತಿದರೆ ಮಾತನಾಡುತ್ತಿದ್ದವರ ಮುಂದಿನ ಕೆಂಪು ದೀಪ ಆರುತ್ತದೆ. ಆಮೇಲೆ ಅವರು ಗಂಟಲು ಹರಿಯುವಂತೆ ಕೂಗಿದರೂ ಅದು ನಡಾವಳಿಗೆ ಸೇರುವುದಿಲ್ಲ. ಅಲ್ಲಿ "ಗದ್ದಲ" ಎಂದು ಒಂದೇ ಪದ ಟೈಪು ಮಾಡಿದರೆ ಮುಗಿಯಿತು. ಅಕ್ಕನ ಕೈ ಮಾತ್ರ ಗಂಟೆಗೆ ನಿಲ್ಲುವ ಕೈಯಲ್ಲ. ದೀಪ ಉರಿಯಲಿ, ಆರಲಿ, ಕಿವಿಗೆ ಬಿದ್ದದ್ದನ್ನೆಲ್ಲ ಅದು ಪುಸ್ತಕಕ್ಕಿಳಿಸುತ್ತಿತ್ತು. ಮರುದಿನ ಟೈಪು ಮಾಡಲು ಕೂತಾಗ ಅವಳೇ ಅದನ್ನು ಬಿಟ್ಟು ಗದ್ದಲ ಎಂದು ಹೊಡೆಯುತ್ತಿದ್ದಳು. ನಿಯಮ ಹಾಗೆ ಹೇಳುತ್ತದೆ, ತಾನು ಹಾಗೆ ಮಾಡುತ್ತೇನೆ ಎಂದು ಅವಳು ನಂಬಿದ್ದಳು.

ಏಳನೇ ವಾರ್ಡಿನ ಸದಸ್ಯೆಯನ್ನು ಊರಿನಲ್ಲಿ ನರ್ಸಮ್ಮ ಎನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದು, ಕರೆ ಬಂದಾಗ ವಾರ್ಡಿನ ನಲ್ಲಿಯಿಲ್ಲದ ಓಣಿಯ ಮನೆಗಳಿಗೂ ಹೋಗಿ ಹೆರಿಗೆ ಮಾಡಿಸಿ, ಕೊನೆಗೆ ಕೆಲಸ ಬಿಟ್ಟು ಚುನಾವಣೆಗೆ ನಿಂತವಳು. ಗೆದ್ದು ಒಂಬತ್ತು ವರ್ಷವಾಗಿತ್ತು. ಎರಡನೇ ಅವಧಿ ಮುಗಿಯುತ್ತ ಬಂದು ಮೂರನೇ ಸಲಕ್ಕೆ ನಾಮಪತ್ರ ಸಲ್ಲಿಸಿದ್ದಳು. ಇಪ್ಪತ್ತನಾಲ್ಕು ಸದಸ್ಯರಲ್ಲಿ ಹೆಂಗಸರು ಹನ್ನೆರಡು ಜನ. ಉಳಿದ ಹನ್ನೊಂದು ಜನ ಹೆಚ್ಚು ಬಾಯಿ ತೆರೆಯುತ್ತಿರಲಿಲ್ಲ. ಆ ಹನ್ನೆರಡೂ ಜನರ ಪಾಲಿನದನ್ನು ನರ್ಸಮ್ಮ ಒಬ್ಬಳೇ ಮಾತನಾಡುತ್ತಿದ್ದಳು. ಹಾಗಾಗಿ ಅಧ್ಯಕ್ಷರ ಗಂಟೆಗೆ ಅವಳು ಬಲು ಹತ್ತಿರದವಳು.

ಒಂದು ಭಾನುವಾರ ಮಧ್ಯಾಹ್ನ ಅಕ್ಕನ ನಾದಿನಿ ಊಟಕ್ಕೆ ಬಂದಿದ್ದಳು. ನಾದಿನಿ ನಿವೃತ್ತ ಶಿಕ್ಷಕಿ, ಫೋನಿಗೆ ಬಂದದ್ದನ್ನು ಮುಂದಕ್ಕೆ ದಾಟಿಸುವುದರಲ್ಲಿ ಎತ್ತಿದ ಕೈ. ಕೈ ತೊಳೆಯುವ ಮೊದಲೇ, "ಅತ್ತಿಗೆ, ನಿಮ್ಮ ನರ್ಸಮ್ಮನ ಬಣ್ಣ ಬಯಲಾಯ್ತು ನೋಡಿ" ಎಂದು ಫೋನನ್ನು ಮೇಜಿನ ಮೇಲಿಟ್ಟಳು.

ಅದರಲ್ಲಿ ನರ್ಸಮ್ಮನ ಫೋಟೋ, ಅದರ ಹಿಂದೆ ಅವಳ ದನಿ: "ಆ ಓಣಿಯವರು ಹುಟ್ಟಿದ್ದೇ ಕೊಳಕಲ್ಲಿ. ಅವರಿಗೆ ನಲ್ಲಿ ಹಾಕಿಸಿಕೊಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ." ಅಷ್ಟಕ್ಕೇ ನಿಂತಿತು. ಕೆಳಗೆ ದಪ್ಪ ಅಕ್ಷರಗಳಲ್ಲಿ, ಇವಳಿಗೆ ವೋಟು ಹಾಕುವ ಮುನ್ನ ಯೋಚಿಸಿ, ಎಲ್ಲರಿಗೂ ಕಳಿಸಿ ಎಂದಿತ್ತು.

"ದನಿ ಅವಳದೇ ತಾನೆ?" ಎಂದಳು ನಾದಿನಿ.

"ಅವಳದೇ" ಎಂದಳು ಅಕ್ಕ. "ಆದ್ರೆ ಅರ್ಧ ಇದೆ. ಅಲ್ಲಿಗೆ ಅಧ್ಯಕ್ಷರು ಗಂಟೆ ಹೊಡೆದ್ರು. ಮೈಕು ಆಫ್ ಆಯ್ತು. ಅವಳು ಇನ್ನೂ ಮಾತಾಡಿದ್ಲು."

"ಏನಂತ?"

ಅಕ್ಕನಿಗೆ ಚಾಚೂ ತಪ್ಪದೆ ನೆನಪಾಗಲಿಲ್ಲ. ಬರೆದುಕೊಂಡದ್ದನ್ನು ತಲೆಯಲ್ಲಿ ಇಟ್ಟುಕೊಳ್ಳದಿರುವುದು ಆ ಕಸುಬಿನವರ ಗುಣ. ಕಿವಿಯಿಂದ ಕೈಗೆ ಇಳಿದ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. "ಅದು ತನ್ನ ಮಾತಲ್ಲ ಅಂದ್ಲು. ಬೇರೆ ಯಾರೋ ಹೇಳಿದ್ದು ಅಂತ. ಪುಸ್ತಕದಲ್ಲಿದೆ" ಎಂದಳು.

ಊಟ ಮಾಡುತ್ತಿದ್ದ ಗಂಡ ತಲೆಯೆತ್ತಿದ. "ಹಾಗಾದ್ರೆ ನಡಾವಳಿ ತೋರಿಸಿಬಿಟ್ರೆ ಆಯ್ತಲ್ಲ. ಸರ್ಕಾರಿ ದಾಖಲೆ. ಅದ್ರಲ್ಲಿ ಏನಿದೆ?"

"ಗದ್ದಲ ಅಂತಿದೆ."

"ಹಾಗಂತ ಯಾರು ಬರೆದ್ರು?"

ಅವನು ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ಅಕ್ಕ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ನಾದಿನಿ ಅದನ್ನು ಆಗಲೇ ಹನ್ನೊಂದು ಗುಂಪುಗಳಿಗೆ ಕಳಿಸಿಯಾಗಿತ್ತು. "ನಂಗೇನು ಗೊತ್ತು ಅತ್ತಿಗೆ, ದನಿ ಅವಳದೇ ಅಲ್ವಾ" ಎಂದು ಇನ್ನೊಮ್ಮೆ ಹೇಳಿದಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

ಸೋಮವಾರದ ಹೊತ್ತಿಗೆ ವಿಷಯ ನಲ್ಲಿಯನ್ನು ದಾಟಿ ಬಹಳ ದೂರ ಹೋಗಿತ್ತು. ಗಂಡಸು ಸದಸ್ಯನ ಮೇಲೆ ಸಿಟ್ಟು ಬಂದರೆ ಜನ ಅವನ ಕೆಲಸಕ್ಕೆ ಬೈಯುತ್ತಾರೆ. ಹೆಂಗಸಿನ ಮೇಲೆ ಸಿಟ್ಟು ಬಂದರೆ ಬೈಗುಳ ನೇರವಾಗಿ ಮಲಗುವ ಕೋಣೆಗೆ ನುಗ್ಗುತ್ತದೆ. ನರ್ಸಮ್ಮ ಆಸ್ಪತ್ರೆ ಬಿಟ್ಟದ್ದು ಯಾಕೆ, ಅವಳ ಮನೆ ಮುಂದೆ ನಿಲ್ಲುವ ಕಾರು ಯಾರದು, ಮಗಳ ಮೂಗು ಯಾರ ಹಾಗಿದೆ ಎಂದೆಲ್ಲ ಉಪ್ಪು ಖಾರ ಹಚ್ಚಿ ಬರೆದಿದ್ದರು. ಯಾರದೋ ದೇಹಕ್ಕೆ ಅವಳ ಮುಖ ಅಂಟಿಸಿದ ಚಿತ್ರವೂ ಬಂತು. ಅದನ್ನು ಮಾಡಿದವನಿಗೆ ಕತ್ತಿನ ಬಣ್ಣ ಕೂಡ ಸರಿಯಾಗಿ ಹೊಂದಿಸಲು ಬಂದಿರಲಿಲ್ಲ. ನೋಡಿದವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಹನ್ನೊಂದು ಗಂಟೆಗೆ ನರ್ಸಮ್ಮ ಕಚೇರಿಗೆ ಬಂದಳು. ಯಾವಾಗಲೂ ಮೆಟ್ಟಿಲು ಹತ್ತುವಾಗಲೇ ದನಿ ಕೇಳಿಸುತ್ತಿದ್ದ ಹೆಂಗಸು. ಅವತ್ತು ಬಂದು ಮೇಜಿನ ಮುಂದೆ ನಿಲ್ಲುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಸಭೆಯ ನಡಾವಳಿಯ ಪ್ರತಿ ಬೇಕೆಂದಳು. ಅಕ್ಕ ಕಡತದಿಂದ ತೆಗೆದುಕೊಟ್ಟಳು. ಅವಳು ನಿಂತೇ ಹಾಳೆ ತಿರುವಿ, ತನ್ನ ಹೆಸರು ಬಂದ ಕಡೆ ಬೆರಳಿಟ್ಟು ಓದಿದಳು. ಬೆರಳು ಸಾಲಿನ ಕೊನೆಗೆ ಬಂದು ನಿಂತಿತು.

"ಅಕ್ಕಾ, ನಾನು ಆಮೇಲೂ ಮಾತಾಡಿದ್ದೆ. ಅಲ್ವಾ?"

ಕಾರ್ಯದರ್ಶಿ ಎದುರಿನ ಮೇಜಿನಲ್ಲಿ ಕೂತಿದ್ದ. ಅಕ್ಕ ಅವನ ಕಡೆ ನೋಡಿದಳು. "ಮೈಕು ಆಫ್ ಆದ್ಮೇಲೆ ಹೇಳಿದ್ದು ಬರೋದಿಲ್ಲ ನರ್ಸಮ್ಮ. ನಿಯಮ" ಎಂದಳು.

"ಹೌದು, ನಿಯಮ." ನರ್ಸಮ್ಮ ಹಾಳೆಯನ್ನು ಮಡಚಿ ಚೀಲಕ್ಕಿಟ್ಟಳು. "ಓಣಿಗೆ ಹೋಗಿದ್ದೆ ಬೆಳಿಗ್ಗೆ. ನನ್ನ ಕೈಯಲ್ಲಿ ಹೆತ್ತವರು ಬಾಗಿಲು ಹಾಕ್ಕೊಂಡ್ರು. ಒಬ್ಳು ಕಿಟಕಿಯಿಂದಾನೇ, ನಾವು ಕೊಳಕರು, ನಮ್ಮನೇಗೆ ಬರ್ಬೇಡಿ ಅಂದ್ಲು. ಅದನ್ನ ತಡ್ಕೋಬಹುದು ಅಕ್ಕ. ನನ್ನ ಮಗಳ ಕ್ಲಾಸಲ್ಲಿ ಎಲ್ಲರ ಫೋನಿಗೂ ಆ ಚಿತ್ರ ಹೋಗಿದೆ. ಇವತ್ತು ಕಾಲೇಜಿಗೆ ಹೋಗ್ಲಿಲ್ಲ. ನನ್ನ ಮುಖ ನೋಡ್ತಾ ಇಲ್ಲ. ಗುರುವಾರ ಮೂರು ಗಂಟೆವರೆಗೆ ಟೈಮಿದೆ, ನಾಮಪತ್ರ ವಾಪಸ್ ತಗೋತೀನಿ."

ಯಾರ ಮೇಲೂ ಹರಿಹಾಯದೆ ಅವಳು ಹೊರಟುಹೋದಳು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಮೆಟ್ಟಿಲಿಳಿದ ಮೇಲೆ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸುತ್ತ, "ಆ ಸಭೆಯ ನಿಮ್ಮ ನೋಟ್ಸ್ ಪುಸ್ತಕ ಇನ್ನೂ ಇದೆಯಾ ಅಕ್ಕ?" ಎಂದ.

ಮುಂದಿನ ಸಭೆಯಲ್ಲಿ ನಡಾವಳಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಆ ಪುಸ್ತಕವನ್ನು ಹರಿದು ರದ್ದಿಗೆ ಹಾಕುವುದು ವಾಡಿಕೆ. ಚುನಾವಣೆ ಬಂದದ್ದರಿಂದ ಮುಂದಿನ ಸಭೆ ನಡೆದಿರಲೇ ಇಲ್ಲ. "ಇದೆ ಸರ್" ಎಂದಳು.

"ಟೈಪು ಆಗಿದೆಯಲ್ಲ. ಸುಮ್ನೆ ಯಾಕೆ ಇಟ್ಕೊಂಡಿದೀರಿ? ಅಧ್ಯಕ್ಷರು ಕೇಳ್ತಿದ್ರು. ಇವತ್ತೇ ಹರಿದು ಹಾಕಿಬಿಡಿ. ಇನ್ನೆರಡು ವರ್ಷ ಸರ್ವೀಸಿದೆ ನಿಮಗೆ, ನೆಮ್ಮದಿಯಾಗಿ ಮುಗಿಸಿ."

"ಆಗ್ಲಿ ಸರ್."

ಮೂವತ್ತನಾಲ್ಕು ವರ್ಷಗಳಲ್ಲಿ ಅವಳು ಆಗ್ಲಿ ಎಂದು ಮಾಡದೆ ಬಿಟ್ಟ ಕೆಲಸ ಒಂದೂ ಇರಲಿಲ್ಲ. ಡ್ರಾಯರು ತೆರೆದು ಪುಸ್ತಕ ಕೈಗೆತ್ತಿಕೊಂಡಳು. ಹರಿಯುವ ಮುನ್ನ ಆ ಒಂದು ಪುಟ ಓದಿದಳು. ಓದಿದ ಮೇಲೆ ಪುಸ್ತಕವನ್ನು ಮತ್ತೆ ಡ್ರಾಯರಿಗೇ ಹಾಕಿದಳು.

ಆಮೇಲೆ ಅವಳು ಮಾಡಿದ್ದು ತನ್ನನ್ನು ಸಮಾಧಾನಪಡಿಸಿಕೊಳ್ಳುವುದಕ್ಕೆ. ಎಲ್ಲರಿಗೂ ಒಂದೇ ನಿಯಮ, ತಾನು ಯಾರಿಗೂ ಭೇದ ಮಾಡಿಲ್ಲ ಎಂದು ತನಗೇ ತೋರಿಸಿಕೊಳ್ಳಬೇಕಿತ್ತು. ಊಟದ ಬಿಡುವಿನಲ್ಲಿ ಹಳೆಯ ನಡಾವಳಿಗಳ ಕಟ್ಟು ಬಿಚ್ಚಿದಳು. ಮೊದಲು ಸಿಕ್ಕಿದ್ದು ಬೀದಿನಾಯಿಗಳ ಮೇಲಿನ ಚರ್ಚೆ. ನಾಲ್ಕನೇ ವಾರ್ಡಿನ ಸದಸ್ಯರ ಭಾಷಣ ಒಂದೂವರೆ ಪುಟ, ಅಚ್ಚುಕಟ್ಟಾಗಿ, ಒಂದು ಪದವೂ ಬಿಡದೆ. ಅವತ್ತು ಅವರ ಮೈಕು ಎರಡನೇ ವಾಕ್ಯಕ್ಕೇ ಆಫ್ ಆಗಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮೇಜು ಕುಟ್ಟಿ ಕೂಗಿದ್ದರು. ಹಾಗಾದರೆ ಇಷ್ಟೂ ಹೇಗೆ ಬಂತು?

ಬಂದದ್ದು ಹೀಗೆ. ಸಭೆ ಮುಗಿದ ಮೇಲೆ ಅವರು ಅವಳ ಮೇಜಿಗೆ ಬಂದಿದ್ದರು. "ಅಕ್ಕಾ, ನಮ್ಮದು ಸ್ವಲ್ಪ ನೋಡಿ ಹಾಕಿ" ಎಂದು ನಕ್ಕಿದ್ದರು. ಅದರಲ್ಲೇನಿದೆ ಎಂದು ಅವಳು ಪುಸ್ತಕ ತೆರೆದು ಹಾಕಿದ್ದಳು. ಒಂಬತ್ತನೇ ವಾರ್ಡಿನವರೂ ಬರುತ್ತಿದ್ದರು, ಹದಿನಾರನೆಯವರೂ ಬರುತ್ತಿದ್ದರು. ಟೀ ಕುಡಿಯುತ್ತ ನಿಂತು, ಅವಳ ಮೊಣಕಾಲು ನೋವು ವಿಚಾರಿಸಿ, ತಮ್ಮ ಮಾತನ್ನು ಗದ್ದಲದಿಂದ ಬಿಡಿಸಿಕೊಂಡು ಹೋಗುತ್ತಿದ್ದರು. ನರ್ಸಮ್ಮ ಒಂದು ದಿನವೂ ಬಂದಿರಲಿಲ್ಲ. ಸಭೆ ಮುಗಿದ ತಕ್ಷಣ ಅವಳಿಗೆ ಮಗಳನ್ನು ಕರೆತರುವುದಿರುತ್ತಿತ್ತು, ಅತ್ತೆಗೆ ಔಷಧಿ ಕೊಡುವುದಿರುತ್ತಿತ್ತು. ಹಾಗೆ ಬಂದು ಕೇಳಬಹುದೆಂದು ಅವಳಿಗೆ ಗೊತ್ತೂ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಅಕ್ಕನೂ ಹೇಳಿರಲಿಲ್ಲ.

ಅವಳು ಒಂದರ ಮೇಲೊಂದು ಕಟ್ಟು ಬಿಚ್ಚಿದಳು. ಗಂಡಸರ ಹೆಸರಿನ ಮುಂದೆ ಗದ್ದಲ ಎಂಬುದು ಅಲ್ಲೊಂದು ಇಲ್ಲೊಂದು. ಹೆಂಗಸರ ಹೆಸರಿನ ಮುಂದೆ, ಅವರು ಬಾಯಿ ತೆರೆದ ಹೆಚ್ಚುಕಡಿಮೆ ಪ್ರತಿ ಸಲವೂ ಇತ್ತು. ಗಂಟೆ ಹೊಡೆದದ್ದು ಅಧ್ಯಕ್ಷರು. ಪದ ಹೊಡೆದದ್ದು ತಾನು. ಯಾರದೋ ಕೆಟ್ಟತನ ಎಂದು ಎರಡು ದಿನದಿಂದ ಮರುಗುತ್ತಿದ್ದಳಲ್ಲ, ಆ ಕೆಟ್ಟತನಕ್ಕೆ ಜಾಗ ಬಿಟ್ಟುಕೊಟ್ಟದ್ದು ತನ್ನ ಕೈ ಎಂದು ಗೊತ್ತಾದಾಗ ಅಕ್ಕನಿಗೆ ಮೈಯೆಲ್ಲ ನಾಚಿಕೆಯಾಯಿತು. ಊಟದ ಡಬ್ಬಿಯ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಸಂಜೆ ಐದಕ್ಕೆ ಮನೆಗೆ ಹೋದಳು. ಹೊರಡುವ ಮುನ್ನ ಅದರ ಬದಲಿಗೆ ಒಂದು ಖಾಲಿ ಪುಸ್ತಕವನ್ನು ಹರಿದು ರದ್ದಿ ಬುಟ್ಟಿಗೆ ಹಾಕಿದ್ದಳು.

ಗಂಡನಿಗೆ ಎಲ್ಲ ಹೇಳಿದಳು. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು, ಬೇರೆಯವರ ಕಾಗದ ಬಿಚ್ಚುವುದೆಂದರೆ ಮಹಾಪಾಪ ಎಂದು ನಂಬಿದವನು.

"ಕೆಲ್ಸಕ್ಕೆ ಕುತ್ತು ಬರುತ್ತೆ" ಎಂದ.

"ಬರುತ್ತೆ ರೀ."

"ಈ ಕಾಗದ ಯಾರಿಗೆ ಸೇರ್ಬೇಕಾದ್ದು?"

"ಅವಳಿಗೆ."

"ಹಾಗಾದ್ರೆ ನಿನ್ನ ಹತ್ರ ಯಾಕಿದೆ? ತಲುಪಿಸು" ಎಂದು ಅವನು ಎದ್ದು ಹೋದ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಅಕ್ಕ ಚಪ್ಪಲಿ ಅಂಗಡಿಯ ಮೇಲಿನ ಮಹಡಿಗೆ ಹೋದಳು. ಅಲ್ಲಿ ಎರಡು ಕೋಣೆಯ ಒಂದು ಕಚೇರಿ. ಊರಲ್ಲಿ ಹರಿದಾಡುವ ಸುದ್ದಿಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಹುಡುಕಿ ಬರೆಯುವ ಒಬ್ಬ ವರದಿಗಾರ್ತಿ ಅಲ್ಲಿದ್ದಳು. ಮೂವತ್ತರ ಆಸುಪಾಸಿನವಳು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅಂಟಿಸಿದ ಚಿತ್ರದ ಮೂಲವನ್ನು ಅವಳು ಆಗಲೇ ಪತ್ತೆ ಹಚ್ಚಿದ್ದಳು. ಯಾವುದೋ ದೂರದ ದೇಶದ ಹಳೆಯ ಜಾಹೀರಾತು. ಆದರೆ ದನಿಯ ವಿಷಯದಲ್ಲಿ ಕೈ ಕಟ್ಟಿತ್ತು. ನಗರಸಭೆಯ ಧ್ವನಿಮುದ್ರಣವೂ ಮೈಕಿನದೇ. ಮೈಕು ಆರಿದಲ್ಲಿಗೆ ಅದೂ ನಿಂತಿತ್ತು.

ಅಕ್ಕ ಪುಸ್ತಕ ತೆರೆದು ಓದಿ ಹೇಳಿದಳು. ವರದಿಗಾರ್ತಿ ಆ ಗೆರೆಗಳನ್ನು ದಿಟ್ಟಿಸಿ ನೋಡಿದಳು.

"ನಾನು ನಿಮ್ಮನ್ನ ನಂಬ್ತೀನಿ ಅಕ್ಕ. ಆದ್ರೆ ಇದನ್ನ ನೀವಲ್ದೆ ಇನ್ಯಾರೂ ಓದೋಕಾಗಲ್ಲ. ನೀವು ಅವರ ಕಡೆಯವರು, ಈಗ ಕೂತು ಗೀಚಿದ್ದು ಅಂತ ನಾಳೆ ಹೇಳ್ತಾರೆ. ನಿಮಗೆ ಗೊತ್ತಿಲ್ದೆ ಇರೋ ಇನ್ನೊಬ್ರು ಓದ್ಬೇಕು."

ಅಕ್ಕ ಯೋಚಿಸಿದಳು. ಊರಲ್ಲಿ ಈ ಲಿಪಿ ಓದಬಲ್ಲವರು ಉಳಿದಿದ್ದೇ ಇಬ್ಬರು. ಇನ್ನೊಬ್ಬರು ನ್ಯಾಯಾಲಯದ ನಿವೃತ್ತ ಸ್ಟೆನೋ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಸ್ಪರ್ಧೆಗೆ ಕೂತು, ಅವಳು ಮೊದಲು ಬಂದಳೆಂದು ಅವರು ಇಪ್ಪತ್ತೈದು ವರ್ಷ ಮಾತು ಬಿಟ್ಟಿದ್ದರು. "ಗೊತ್ತಿರೋರೇ, ಆದ್ರೆ ನನ್ನ ಕಂಡ್ರೆ ಆಗೋದಿಲ್ಲ. ಪರವಾಗಿಲ್ವಾ?" ಎಂದಳು.

"ಇನ್ನೂ ಒಳ್ಳೇದು" ಎಂದಳು ವರದಿಗಾರ್ತಿ. ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲವಿರಬೇಕು.

ಬುಧವಾರ ಬೆಳಿಗ್ಗೆ ಆ ಮುದುಕರು ಬಂದರು. ಯಾವ ವಿಷಯ, ಯಾರ ಮಾತು ಎಂದು ಅವರಿಗೆ ಹೇಳಿರಲಿಲ್ಲ. ವರದಿಗಾರ್ತಿ ಅಕ್ಕನನ್ನು ಒಳಕೋಣೆಯಲ್ಲಿ ಕೂರಿಸಿ, ಕ್ಯಾಮೆರಾ ಮುಂದೆ ಆ ಪುಟ ತೆರೆದು ಪುಸ್ತಕವನ್ನು ಅವರ ಕೈಗೆ ಕೊಟ್ಟಳು. ಅವರು ಮೊದಲು, "ಕೊಕ್ಕೆ ಇನ್ನೂ ಉದ್ದ ಎಳೀತಾಳೆ, ಆಗ್ಲೂ ಹೀಗೇ" ಎಂದು ಮೂಗು ಮುರಿದರು. ಆಮೇಲೆ ಓದತೊಡಗಿದರು. ತೆರೆದ ಬಾಗಿಲಿನಿಂದ ಅಕ್ಕನಿಗೆ ಪ್ರತಿ ಪದವೂ ಕೇಳಿಸುತ್ತಿತ್ತು.

"ಆ ಓಣಿಯವರು ಹುಟ್ಟಿದ್ದೇ ಕೊಳಕಲ್ಲಿ. ಅವರಿಗೆ ನಲ್ಲಿ ಹಾಕಿಸಿಕೊಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ. ಗಂಟೆ. ಇದು ನನ್ನ ಮಾತಲ್ಲ ಅಧ್ಯಕ್ಷರೇ. ಹೋದ ತಿಂಗಳು ಈ ಕಟ್ಟಡದ ಮೆಟ್ಟಿಲ ಮೇಲೆ ನಿಂತು ನೀವೇ ಆಡಿದ ಮಾತು. ಮೈಕು ಆರಿಸಿದರೆ ಆರಿಸಿ. ಆ ಓಣಿಯಲ್ಲಿ ನಾನು ಮುನ್ನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದೇನೆ. ಹುಟ್ಟಿದ ಮಗುವನ್ನು ತೊಳೆಯೋದಕ್ಕೆ ಪಕ್ಕದ ಬೀದಿಯಿಂದ ಬಕೆಟ್ಟಿನಲ್ಲಿ ನೀರು ತರಿಸಿದ್ದೇನೆ. ಕೊಳಕು ಅವರದ್ದಲ್ಲ. ಹನ್ನೊಂದು ವರ್ಷದಿಂದ ಅಲ್ಲಿಗೊಂದು ಪೈಪು ಹಾಕದ ಈ ಸಭೆಯದು."

ಮುದುಕರು ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. "ಇಷ್ಟು ಸ್ಪಷ್ಟವಾಗಿ ಬರ್ದಿದಾಳಲ್ಲ, ಇದಕ್ಕೆ ನಡಾವಳೀಲಿ ಏನಂತ ಹಾಕಿದ್ರು?" ಎಂದು ಕೇಳಿದರು.

ಅಕ್ಕ ಎದ್ದು ಹೊರಬಂದಳು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. "ಗದ್ದಲ ಅಂತ ಹಾಕಿದ್ದೆ. ಹಾಕಿದ್ದು ನಾನು. ಗಂಡಸರು ಬಂದು ಕೇಳಿದ್ರೆ ತಿದ್ತಿದ್ದೆ. ಇವಳು ಕೇಳ್ಲಿಲ್ಲ, ನಾನೂ ತಿದ್ಲಿಲ್ಲ. ಇವಳು ಹೇಳಿದ್ದು ಗದ್ದಲ ಅಲ್ಲ" ಎಂದಳು. ಮುದುಕರು ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆ ಸರಿಸಿದರು.

ಸಂಜೆ ಆರಕ್ಕೆ ಆ ವೀಡಿಯೋ ಹೊರಬಂತು. ಎಲ್ಲಕ್ಕಿಂತ ಮೊದಲು ಹಂಚಿದವಳು ನಾದಿನಿ. ಹನ್ನೊಂದು ಗುಂಪುಗಳಿಗೂ ಒಂದೊಂದಾಗಿ ಕಳಿಸಿ, ನಾನು ಮೊನ್ನೆ ಕಳಿಸಿದ್ದು ಸುಳ್ಳು, ತಪ್ಪಾಯಿತು ಎಂದು ಬರೆದಳು. ಮೂರು ಗುಂಪುಗಳಲ್ಲಿ ಹೌದಾ ಎಂದರು. ಆರರಲ್ಲಿ ಯಾರೂ ಉಸಿರೆತ್ತಲಿಲ್ಲ. ಒಂದರಲ್ಲಿ ಇಲ್ಲಿ ರಾಜಕೀಯ ಬೇಡ ಎಂದು ಬುದ್ಧಿ ಹೇಳಿದರು. ಇನ್ನೊಂದರಿಂದ ಅವಳನ್ನೇ ತೆಗೆದುಹಾಕಿದರು. ಆ ಗುಂಪನ್ನು ಕಟ್ಟಿದವಳು ಅವಳೇ. "ಸುಳ್ಳು ಕಳಿಸಿದಾಗ ಎಲ್ರೂ ಕೈ ಮುಗಿದ್ರಲ್ಲ ಅತ್ತಿಗೆ" ಎಂದು ಫೋನಿನಲ್ಲಿ ಅತ್ತಳು. ಸುಳ್ಳನ್ನು ತೊಂಬತ್ತು ಸಾವಿರ ಜನ ನೋಡಿದ್ದರು. ಗುರುವಾರ ಬೆಳಗಾಗುವ ಹೊತ್ತಿಗೆ ಇದನ್ನು ನೋಡಿದವರು ನಾಲ್ಕು ಸಾವಿರ.

ಗುರುವಾರ ಮಧ್ಯಾಹ್ನ ನಾಮಪತ್ರ ವಾಪಸು ಪಡೆಯುವ ಕಿಟಕಿ ಅಕ್ಕನ ಮೇಜಿಗೆ ನೇರವಾಗಿ ಕಾಣುತ್ತಿತ್ತು. ಅವಳ ಮುಂದೆ ಆಗಲೇ ಕಾರಣ ಕೇಳುವ ನೋಟೀಸು ಬಿದ್ದಿತ್ತು. ಕಾರ್ಯದರ್ಶಿ ಅದನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದು ಹೋಗಿದ್ದ. ಅವಳು ಅದನ್ನು ಓದಲಿಲ್ಲ. ಗಡಿಯಾರ ನೋಡುತ್ತ ಕೂತಳು. ಎರಡೂಮುಕ್ಕಾಲಿಗೆ ನರ್ಸಮ್ಮ ಬಂದಳು. ಜೊತೆಯಲ್ಲಿ ಮಗಳು, ಹಿಂದೆ ಓಣಿಯ ಆರೇಳು ಹೆಂಗಸರು. ಅವರು ಕಿಟಕಿಯ ಹತ್ತಿರ ಹೋಗಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತರು, ಮೂರು ಹೊಡೆಯುವವರೆಗೂ ಕೂತಿದ್ದರು. ಕಿಟಕಿ ಮುಚ್ಚಿದ ಮೇಲೆ ಎದ್ದು ಹೊರಟರು. ಹೋಗುವಾಗ ಮಗಳು ತಿರುಗಿ ಅಕ್ಕನ ಕಡೆ ನೋಡಿ ತಲೆಬಾಗಿಸಿದಳು.

ಇದು ಗೆಲುವಿನ ಕಥೆಯಾಗಿದ್ದರೆ ಹೇಳುವವರಿಗೂ ಸುಲಭವಾಗುತ್ತಿತ್ತು. ನರ್ಸಮ್ಮ ಮೂವತ್ತೆಂಟು ಮತಗಳಿಂದ ಸೋತಳು. ಓಣಿ ಇಡೀ ಅವಳಿಗೇ ಹಾಕಿತು. ಸುಳ್ಳನ್ನು ಕೇಳಿ ನಿಜವನ್ನು ಕೇಳದ ಉಳಿದ ಬೀದಿಗಳು ಹಾಕಲಿಲ್ಲ. ಅಕ್ಕನನ್ನು ಸಭಾಂಗಣದಿಂದ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗ ಮಾಡಿದರು. ಅವಳ ಮೇಜಿದ್ದ ಜಾಗದಲ್ಲಿ ಈಗ ಮಾತನ್ನು ತಾನೇ ಬರೆದುಕೊಳ್ಳುವ ಯಂತ್ರವಿದೆ. ಅದಕ್ಕೆ ಕೇಳಿಸುವುದು ಮೈಕಿನಲ್ಲಿ ಬಂದದ್ದು ಮಾತ್ರ.

ಫಲಿತಾಂಶ ಬಂದ ಹತ್ತನೇ ದಿನ ನರ್ಸಮ್ಮ ದಾಖಲೆ ಕೋಣೆಗೆ ಇಳಿದು ಬಂದಳು. ಅಕ್ಕ ಎದ್ದಳು. ಕುರ್ಚಿ ಒರೆಸಿ ಕೊಟ್ಟಳು.

"ಮತ್ತೆ ಆಸ್ಪತ್ರೆಗೆ ಹೋಗ್ತಿದೀನಿ ಅಕ್ಕ. ಖಾಸಗಿದು. ಮಗಳೂ ಕಾಲೇಜಿಗೆ ಹೋಗ್ತಿದಾಳೆ" ಎಂದಳು ನರ್ಸಮ್ಮ. "ಅವಳು ಆ ವೀಡಿಯೋನ ಎಷ್ಟು ಸಲ ನೋಡಿದಾಳೋ. ಅಮ್ಮ, ನೀನು ಸಭೇಲಿ ಹೀಗೆ ಮಾತಾಡ್ತಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಇನ್ನೇನೇನು ಹೇಳಿದ್ದೆ ಅಂತ ಕೇಳ್ತಾಳೆ. ಒಂಬತ್ತು ವರ್ಷದ್ದು ಎಲ್ಲ ತಂದುಕೊಡ್ತೀನಿ ಅಂದಿದೀನಿ. ನಿಮ್ಮ ಹಳೇ ಪುಸ್ತಕಗಳು ಇಲ್ಲೇ ಇರ್ಬೇಕಲ್ಲ? ನೀವು ಓದಿ, ನಾನು ಬರ್ಕೋತೀನಿ."

ಅವಳು ಚೀಲದಿಂದ ಹೊಸ ನೋಟ್‌ಬುಕ್ಕು, ಪೆನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅವು ಇಲ್ಲ ನರ್ಸಮ್ಮ" ಎಂದಳು ಅಕ್ಕ. "ಪ್ರತಿ ಸಲ ಹರಿದು ಹಾಕ್ತಿದ್ದೆ. ಇದೊಂದೇ ಉಳಿದಿದ್ದು."

ನರ್ಸಮ್ಮ ನೋಟ್‌ಬುಕ್ಕಿನ ಮೊದಲ ಹಾಳೆ ತೆರೆದಳು. "ಸರಿ, ನಡಾವಳಿ ಇದೆಯಲ್ಲ. ಅದನ್ನ ನೋಡಿದ್ರೆ ನಂಗೇ ನೆನಪಾಗ್ಬಹುದು" ಎಂದಳು.

ಅಕ್ಕ ಒಂಬತ್ತು ವರ್ಷದ ಕಟ್ಟುಗಳನ್ನು ಇಳಿಸಿದಳು. ಇಬ್ಬರೂ ಅಕ್ಕಪಕ್ಕ ಕೂತು ಮೊದಲ ವರ್ಷದಿಂದ ಶುರು ಮಾಡಿದರು. ನರ್ಸಮ್ಮನ ಹೆಸರು, ಒಂದೋ ಎರಡೋ ವಾಕ್ಯ, ಆಮೇಲೆ ಆ ಪದ. ಮುಂದಿನ ಸಭೆ: ಹೆಸರು, ಅರ್ಧ ವಾಕ್ಯ, ಅದೇ ಪದ. ನರ್ಸಮ್ಮ ಪೆನ್ನಿನ ಮುಚ್ಚಳ ತೆಗೆದು ಕಾದಳು.

"ಇದು ಯಾವ ವಿಷಯಕ್ಕೆ ಅಕ್ಕ?"

"ಬೀದಿ ದೀಪ. ಹೆಣ್ಣುಮಕ್ಕಳ ಹಾಸ್ಟೆಲಿನ ರಸ್ತೇದು."

"ಹಾಂ, ಹೌದು. ಅವತ್ತು ತುಂಬ ಹೊತ್ತು ಮಾತಾಡಿದ್ದೆ. ಗಂಟಲು ಕಟ್ಟಿತ್ತು ನಂಗೆ." ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಕಣ್ಣು ತೆರೆದು ಅಕ್ಕನ ಮುಖ ನೋಡಿದಳು. "ಏನು ಹೇಳಿದ್ದೆ ಅಕ್ಕ ನಾನು?"

ಇಪ್ಪತ್ತನಾಲ್ಕು ಜನರ ದನಿಯನ್ನು ತಲೆಯೆತ್ತದೆ ಗುರುತಿಸುತ್ತಿದ್ದವಳು ಆ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ತಾನೇ ಟೈಪು ಮಾಡಿದ ಆ ಪದವನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ನರ್ಸಮ್ಮನ ಕೈ ಹಿಡಿದುಕೊಂಡು, "ಗೊತ್ತಿಲ್ಲಮ್ಮ" ಎಂದಳು.